ಕೇಳಿಸಿತೇ?

ನಮ್ಮ ಮನೆಯಲ್ಲಿ ಗೊರಕೆ ಹೊಡೆಯುವವನು ನಾನು. ಬಹುಕಾಲ ಈ ಮಾತನ್ನು ನಾನು ಒಪ್ಪಿರಲಿಲ್ಲ. ಲೋಕದ ಎಲ್ಲ ಸದ್ದುಗಳೂ ಮಾಡುವವನಿಗೆ ಮೊದಲು ಕೇಳಿಸುತ್ತವೆ. ಗೊರಕೆ ಮಾತ್ರ ಅದಕ್ಕೆ ಹೊರತು. ಅದನ್ನು ಒಪ್ಪಬೇಕಾದರೆ ಇನ್ನೊಬ್ಬರ ಸಾಕ್ಷ್ಯವನ್ನು ನಂಬಬೇಕು. ನನ್ನ ಮನೆಯಾಕೆ ನಲವತ್ತೇಳು ವರ್ಷ ಬಿಡದೆ ಆ ಸಾಕ್ಷ್ಯವನ್ನು ನುಡಿದಳು. "ಕಚೇರಿಯಲ್ಲಿ ಕಟಕಟ ಮಾಡಿದ್ದು ಸಾಲದೆಂದು ಇವರು ಮನೆಯಲ್ಲೂ ರಾತ್ರಿಯೆಲ್ಲ ತಂತಿ ಕಳಿಸುತ್ತಾರೆ" ಎಂದು ನೆಂಟರಿಷ್ಟರ ಮುಂದೆಯೂ ಹೇಳುತ್ತಿದ್ದಳು. ನಾನು ನಗುತ್ತಿದ್ದೆ, ಒಪ್ಪುತ್ತಿರಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಆಕೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೊರಟುಹೋಯಿತು. ನಾವು ಹೇಳುವುದೆಲ್ಲ ಅವಳಿಗೆ ತಿಳಿಯುತ್ತದೆ. ಅವಳು ಹೇಳಬೇಕೆಂದಿರುವುದು ನಾಲಗೆಯವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಮಾತ್ರೆಗಳ ಪಟ್ಟಿಯ ಕೊನೆಯಲ್ಲಿ, ರಾತ್ರಿ ಒಳ್ಳೆಯ ನಿದ್ರೆ ಆಗಬೇಕು ಎಂದು ಬರೆದರು. ನಾನು ತಲೆ ತಗ್ಗಿಸಿ, ನನ್ನ ಹಾಸಿಗೆಯನ್ನು ನಡುಮನೆಗೆ ಸಾಗಿಸಿದೆ. ಸಾಕ್ಷಿ ಮೂಕಳಾದ ಮೇಲೆ ಅಪರಾಧಿ ತಪ್ಪೊಪ್ಪಿಕೊಂಡಂತಾಯಿತು.

ಹೀಗೆ ಹದಿನೈದು ದಿನ ಕಳೆದಿರಬಹುದು. ಒಂದು ಬೆಳಗ್ಗೆ ಐದೂವರೆಗೆ ಎದ್ದು ಅವಳ ಕೋಣೆಗೆ ಹೋದೆ. ಮಂಚದ ಪಕ್ಕದಲ್ಲಿಟ್ಟಿದ್ದ ಸ್ಟೀಲಿನ ಲೋಟ ನೆಲದ ಮೇಲೆ ಬಿದ್ದಿತ್ತು. ನೀರು ಚೆಲ್ಲಿ ಒಣಗಿ ಹೋಗಿತ್ತು. ಅವಳ ಎಡಗೈಯಲ್ಲಿ ಒಂದು ಚಮಚ ಇತ್ತು. ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಅದನ್ನು ಬಡಿದ ಗುರುತು ಇತ್ತು. ಕಣ್ಣು ತೆರೆದಿದ್ದವು. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದಳೋ! ನಾನು ನೀರು ಕುಡಿಸಿದೆ. "ಕೇಳಿಸಲಿಲ್ಲ ಕಣೇ" ಎಂದೆ. ಆಕೆ ನನ್ನನ್ನು ನೋಡಿದಳು, ಅಷ್ಟೆ.

ಆ ನೋಟ ನನ್ನನ್ನು ಬಿಡಲಿಲ್ಲ. ನೀರಿಲ್ಲದೆ ರಾತ್ರಿ ಕಳೆದದ್ದು ಕಷ್ಟವೇ. ಆದರೆ ಅದಕ್ಕಿಂತ ದೊಡ್ಡ ಕಷ್ಟವೊಂದಿತ್ತು. ಇವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬರಲಿಲ್ಲವೋ ಎಂಬುದು ಆ ಕತ್ತಲೆಯಲ್ಲಿ ಅವಳಿಗೆ ತಿಳಿಯುವ ಬಗೆಯೇ ಇರಲಿಲ್ಲ. ಎರಡಕ್ಕೂ ಹೊರಗಿನಿಂದ ಕಾಣುವ ರೂಪ ಒಂದೇ: ಮೌನ.

ಮಾರನೆಯ ದಿನವೇ ಅಂಗಡಿಯಿಂದ ಒಂದು ಕರೆಗಂಟೆ ತಂದೆ. ಮಂಚದ ಬಳಿ ಗುಂಡಿ, ನಡುಮನೆಯಲ್ಲಿ ಗಂಟೆ. ನಡುವೆ ತಂತಿಯೂ ಇಲ್ಲ. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ವಸ್ತು. ಬುದ್ಧಿವಂತನಾದ ಗೃಹಸ್ಥ ಅಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ನಾನು 1970ರಿಂದ ನಲವತ್ತು ವರ್ಷ ತಂತಿ ಕಚೇರಿಯಲ್ಲಿ ಕೆಲಸ ಮಾಡಿದವನು. ಕಳಿಸಿದ ಮಾತು ತಲುಪಿತೆಂದು ಆ ಕಡೆಯವನು ತಿಳಿಸುವವರೆಗೆ ಅದು ತಲುಪಿಲ್ಲ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಮೋರ್ಸ್ ಲಿಪಿಯಲ್ಲಿ ಅದಕ್ಕೆ 'ಆರ್' ಎಂಬ ಒಂದೇ ಅಕ್ಷರ: ಚುಕ್ಕೆ, ಗೆರೆ, ಚುಕ್ಕೆ. 'ಮುಟ್ಟಿತು' ಎಂದರ್ಥ. ಅಂಗಡಿಯ ಗಂಟೆ ನನ್ನನ್ನು ಎಬ್ಬಿಸುತ್ತಿತ್ತು, ನಿಜ. ಆದರೆ ಅವಳಿಗೆ 'ಆರ್' ಹೇಳುತ್ತಿರಲಿಲ್ಲ. ಏಕೆ ಕರೆದಳೆಂದು ನನಗೂ ಹೇಳುತ್ತಿರಲಿಲ್ಲ. ನಾನು ಹೋಗಿ ನೀರೇ, ಮಗ್ಗುಲೇ, ಹೊದಿಕೆಯೇ ಎಂದು ಒಂದೊಂದಾಗಿ ಕೇಳಬೇಕು, ಅವಳು ತಲೆಯಾಡಿಸಬೇಕು. ಅರ್ಧರಾತ್ರಿಯಲ್ಲಿ ಇದು ಇಬ್ಬರಿಗೂ ಪರೀಕ್ಷೆಯೇ.

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವವರ ಮಗಳು ಎಂಜಿನಿಯರಿಂಗ್ ಓದುತ್ತಾಳೆ. ನನ್ನ ಗೋಳನ್ನು ಕೇಳಿ ಆಕೆ, "ಇದೇನು ದೊಡ್ಡದು ತಾತ? ಒಂದು ಮೈಕ್ರೊಕಂಟ್ರೋಲರ್ ಇಟ್ಟು, ಸೀರಿಯಲ್‌ನಲ್ಲಿ ಕಂಪ್ಯೂಟರಿಗೆ ಹೇಳಿಸಿಬಿಡೋಣ" ಎಂದಳು. ಪಕ್ಕದಲ್ಲಿದ್ದ ನನ್ನ ನಾದಿನಿ, "ಅಕ್ಕನಿಗೆ ಸೀರಿಯಲ್ ಎಂದರೆ ಪ್ರಾಣ, ಅದನ್ನೇ ಹಾಕಿಕೊಡಮ್ಮ" ಎಂದಳು. ಇದು ಟೆಲಿವಿಷನ್ನಿನ ಸೀರಿಯಲ್ ಅಲ್ಲವೆಂದು ವಿವರಿಸಲು ನಮಗೆ ಕಾಲುಗಂಟೆ ಹಿಡಿಯಿತು. ಎರಡಕ್ಕೂ ಒಂದು ಹೋಲಿಕೆ ಉಂಟು: ಎರಡರಲ್ಲಿಯೂ ವಿಷಯ ಒಮ್ಮೆಗೇ ಬರುವುದಿಲ್ಲ, ಒಂದರ ಹಿಂದೆ ಒಂದಾಗಿ ಬರುತ್ತದೆ.

ಅವಳು ಹೇಳಿದ್ದನ್ನು ಓದುಗರಿಗೂ ಹೇಳುತ್ತೇನೆ. ಮೈಕ್ರೊಕಂಟ್ರೋಲರ್ ಎಂದರೆ ಒಂದು ಚಿಪ್ಪಿನೊಳಗೆ ಅಡಗಿದ ಪುಟ್ಟ ಕಂಪ್ಯೂಟರು. ಅವಳು ತಂದದ್ದು ಆರ್ಡುಯಿನೊ ಊನೊ ಎಂಬ ಹಲಗೆ. ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ 2005ರಲ್ಲಿ ಹುಟ್ಟಿದ ಈ ವಂಶದ ಹಲಗೆಗಳು ಈಗ ನಮ್ಮ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಟಾಣಿಯಂತೆ ಮಾರಾಟವಾಗುತ್ತವೆ. ಅದರ ಮೇಲಿನ ಚಿಪ್ಪಿಗೆ ಕಾರ್ಯಕ್ರಮ ಬರೆದಿಡಲು ಇರುವ ಜಾಗ ಕೇವಲ 32 ಕಿಲೊಬೈಟು. ಲೆಕ್ಕ ಮಾಡುವಾಗ ನೆನಪಿಟ್ಟುಕೊಳ್ಳಲು 2 ಕಿಲೊಬೈಟು. ನನ್ನಂಥ ಮುದುಕರ ಜ್ಞಾಪಕಶಕ್ತಿಗೆ ಹತ್ತಿರವಾದದ್ದು. ಅದಕ್ಕೆ ಪರದೆಯಿಲ್ಲ, ಬಾಯಿಲ್ಲ. ತನಗೆ ತಿಳಿದದ್ದನ್ನು ಹೊರಗೆ ಹೇಳಬೇಕಾದರೆ ಒಂದು ತಂತಿಯ ಮೂಲಕ ಸದ್ದಿಲ್ಲದೆ ಮಿಡಿಯಬೇಕು. ಎಲ್ಲ ತಿಳಿದೂ ಬಾಯಿಲ್ಲದ ಆ ಹಲಗೆಯನ್ನು ಅಂಗೈಯಲ್ಲಿಟ್ಟುಕೊಂಡು ನಾನು ಒಂದು ಗಳಿಗೆ ಸುಮ್ಮನೆ ಕುಳಿತೆ. ಹುಡುಗಿ, "ಬಿಸಿಯಾಗಿದೆಯಾ ತಾತ?" ಎಂದಳು. ಇಲ್ಲ ಎಂದೆ.

ಯೋಜನೆ ಇಷ್ಟು. ಮಂಚದ ಎಡಗಡೆಗೆ ಮೂರು ಗುಂಡಿಗಳು. ನೀರಿಗೆ 'ಎನ್', ಮಗ್ಗುಲು ಬದಲಿಸಲು 'ಎಂ', ಸುಮ್ಮನೆ 'ಬನ್ನಿ' ಎನ್ನಲು 'ಬಿ'. ಗುಂಡಿ ಒತ್ತಿದರೆ ಹಲಗೆ ಆ ಒಂದಕ್ಷರವನ್ನು ಮಿಡಿಯುತ್ತದೆ. ನಡುಮನೆಯ ಕಂಪ್ಯೂಟರು ಅದನ್ನು ಓದಿ ಪೂರ್ತಿ ಮಾತನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ ಗಂಟೆ ಬಾರಿಸುತ್ತದೆ. "ಕನ್ನಡ ಅಕ್ಷರಗಳನ್ನೇ ಏಕೆ ಕಳಿಸಬಾರದು?" ಎಂದೆ. "ಕಳಿಸಬಹುದು ತಾತ. ಒಂದೊಂದು ಕನ್ನಡ ಅಕ್ಷರದ ಗುರುತಿಗೂ ಮೂರು ಮೂರು ಬೈಟು ಬೇಕು. ಕೊಂಬು, ದೀರ್ಘ, ಒತ್ತಿಗೆ ಬೇರೆ. ಒಂದಕ್ಷರದಲ್ಲಿ ಆಗುವ ಕೆಲಸಕ್ಕೆ ಅಷ್ಟೇಕೆ?" ಎಂದಳು. ನನಗೆ ಹಳೆಯ ಕಾಲ ನೆನಪಾಯಿತು. ಮದುವೆ, ದೀಪಾವಳಿಗಳ ಶುಭಾಶಯ ತಂತಿಗಳಲ್ಲಿ ನಾವೂ ಹಾಗೆಯೇ ಮಾಡುತ್ತಿದ್ದೆವು. ಒಂದೊಂದು ಹಾರೈಕೆಗೆ ಒಂದೊಂದು ಸಂಖ್ಯೆ ಇರುತ್ತಿತ್ತು. ತಂತಿಯ ಮೇಲೆ ಹೋಗುತ್ತಿದ್ದದ್ದು ಬರಿಯ ಸಂಖ್ಯೆ. ಆ ಊರಿನಲ್ಲಿ ಅದು ಆಶೀರ್ವಾದವಾಗಿ ಬಿಚ್ಚಿಕೊಳ್ಳುತ್ತಿತ್ತು.

ಕೆಲಸ ಮೊದಲಾಯಿತು. ಮೊದಲು ಹಲಗೆಗೆ ಕಾರ್ಯಕ್ರಮ ತುಂಬಬೇಕು. ಕೇಬಲ್ ಚುಚ್ಚಿದೆವು. ಹಲಗೆಯ ದೀಪ ಹತ್ತಿತು. ಆದರೆ ಕಂಪ್ಯೂಟರಿಗೆ ಅದು ಕಾಣಿಸಲೇ ಇಲ್ಲ. ಒಂದು ಗಂಟೆ ತಡಕಾಡಿದ ಮೇಲೆ ದೋಷ ಸಿಕ್ಕಿತು. ಅದು ಫೋನಿಗೆ ಚಾರ್ಜು ಮಾಡಲೆಂದೇ ಮಾಡಿದ ಕೇಬಲ್ಲು. ಒಳಗೆ ವಿದ್ಯುತ್ತಿನ ಎರಡು ತಂತಿ ಉಂಟು, ಮಾತಿನ ಎರಡು ತಂತಿ ಇಲ್ಲ. ಅನ್ನ ಹಾಕಿ ಮಾತಾಡಿಸದ ಮನೆಗಳ ಹಾಗೆ. ಕೇಬಲ್ ಬದಲಿಸಿದೆವು.

ಈಗ ಕಂಪ್ಯೂಟರಿಗೆ ಹಲಗೆ ಕಂಡಿತು. ಆದರೆ ಮುಟ್ಟಲು ಅನುಮತಿ ಇಲ್ಲ ಎಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಂಪ್ಯೂಟರಿಗೂ ಸಲ್ಲುತ್ತದೆ. ನನ್ನ ಮಗ ಬಿಟ್ಟುಹೋದ ಹಳೆಯ ಯಂತ್ರಕ್ಕೆ ಹುಡುಗಿ ಲಿನಕ್ಸ್ ಹಾಕಿದ್ದಳು. ಅದರ ಕಟ್ಟಳೆಯಂತೆ ಇಂಥ ತಂತಿಗಳನ್ನು ಮುಟ್ಟುವವನ ಹೆಸರು 'ಡಯಲ್ ಔಟ್' ಎಂಬ ಗುಂಪಿನಲ್ಲಿ ಇರಬೇಕು. ಟೆಲಿಫೋನ್ ತಿರುಗಿಸಿ ಕಂಪ್ಯೂಟರುಗಳು ಮಾತಾಡುತ್ತಿದ್ದ ಕಾಲದ ಹೆಸರು ಅದು. ನನ್ನನ್ನು ಆ ಗುಂಪಿಗೆ ಸೇರಿಸಿದಳು. ಆಗ ಪರದೆಯ ಮೇಲೆ ತಂತಿಯ ಹೆಸರು ಕಂಡಿತು: ಅದರ ಮೊದಲ ಮೂರು ಅಕ್ಷರ 'ಟಿಟಿವೈ'. "ಇದೇನಮ್ಮ?" ಎಂದೆ. "ಟೆಲಿಟೈಪ್ ತಾತ. ಏನೋ ಹಳೆಯ ಯಂತ್ರವಂತೆ" ಎಂದಳು. ಏನೋ ಹಳೆಯ ಯಂತ್ರ! ಅದರ ಮುಂದೆ ಕುಳಿತು ನನ್ನ ಬೆನ್ನು ಬಾಗಿದೆ. ನಮ್ಮ ಟೆಲಿಪ್ರಿಂಟರಿನ ಬಳಗ ಅದು. ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಾಗ ನನ್ನ ವಿದ್ಯೆಯೂ ಸತ್ತಿತೆಂದು ನಾನು ತಿಳಿದಿದ್ದೆ. ಅದು ಹೆಸರು ಬದಲಿಸದೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಕುಳಿತಿತ್ತು.

ಅಂದಿನಿಂದ ಗುರುಶಿಷ್ಯರ ಸ್ಥಾನ ಆಗಾಗ ಅದಲುಬದಲಾಗತೊಡಗಿತು. ಅಕ್ಷರವೊಂದು ತಂತಿಯ ಮೇಲೆ ಹೇಗೆ ಹೋಗುತ್ತದೆ ಎಂದು ಅವಳು ಕಾಗದದ ಮೇಲೆ ಗೆರೆ ಎಳೆದಳು. ಮಾತಿಲ್ಲದಾಗ ತಂತಿಯ ಮೇಲೆ 5 ವೋಲ್ಟ್ ನಿಂತಿರುತ್ತದೆ. ಮಾತು ಹೊರಡುವ ಮುನ್ನ ಅದು ಒಂದು ಕ್ಷಣ ಸೊನ್ನೆಗೆ ಇಳಿಯುತ್ತದೆ. ಅದು 'ಕೇಳು' ಎಂಬ ಎಚ್ಚರಿಕೆ. ಅದರ ಹಿಂದೆ ಅಕ್ಷರದ ಎಂಟು ಅಂಶಗಳು, ಕಿರಿಯದು ಮೊದಲಾಗಿ. 'ಎನ್' ಅಕ್ಷರದ ಸಂಖ್ಯೆ 78. ಅದು ತಂತಿಯ ಮೇಲೆ 0, 1, 1, 1, 0, 0, 1, 0 ಎಂದು ಸಾಗುತ್ತದೆ. ಕೊನೆಗೆ ಮತ್ತೆ ಮೇಲಕ್ಕೇರಿದ ಒಂದು ಅಂಶ, ಅದು 'ಮುಗಿಯಿತು'. ಒಟ್ಟು ಹತ್ತು. "ನಮ್ಮ ಟೆಲಿಪ್ರಿಂಟರಿನಲ್ಲೂ ಹೀಗೆಯೇ ಇತ್ತು. ಮೊದಲು ಎಚ್ಚರಿಕೆ, ಕೊನೆಗೆ ವಿರಾಮ, ನಡುವೆ ಮಾತ್ರ ನಿಮಗೆ ಎಂಟು, ನಮಗೆ ಐದು" ಎಂದೆ. ಮಾತಿಲ್ಲದಾಗಲೂ ನಮ್ಮ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತಿತ್ತು. ಹರಿವು ನಿಂತರೆ ತಂತಿ ಕಡಿದಿದೆ ಎಂದು ಆ ಕ್ಷಣವೇ ಗೊತ್ತು. ಆ ಕಡೆಯ ಯಂತ್ರ ಹುಚ್ಚು ಹಿಡಿದಂತೆ ಗಡಗಡ ಬಡಿದುಕೊಳ್ಳುತ್ತಿತ್ತು. ಸುಮ್ಮನಿರುವುದು ಬೇರೆ, ಕಡಿದುಹೋಗಿರುವುದು ಬೇರೆ. ಈ ಭೇದವನ್ನು ಯಂತ್ರ ಮಾಡಿದವರು ಮೊದಲೇ ಯೋಚಿಸಿದ್ದರು.

ವೇಗದ ಮಾತು ಬಂತು. "9600 ಬಾಡ್" ಎಂದಳು. ಆ ಹೆಸರು ಕೇಳಿ ನನಗೆ ಊರಿನವರು ಸಿಕ್ಕಂತಾಯಿತು. ಎಮಿಲ್ ಬಾಡೊ ಎಂಬ ಫ್ರೆಂಚ್ ತಂತಿ ಇಲಾಖೆಯ ನೌಕರ ಐದು ಅಂಶಗಳ ಲಿಪಿಯನ್ನು ಬಳಸುವ ತನ್ನ ತಂತಿ ಯಂತ್ರಕ್ಕೆ 1874ರಲ್ಲಿ ಹಕ್ಕುಪತ್ರ ಪಡೆದ. ಹುಟ್ಟಿದ್ದು 1845ರಲ್ಲಿ, ತೀರಿದ್ದು 1903ರಲ್ಲಿ. ತಂತಿಯ ವೇಗವನ್ನು ಅಳೆಯುವ ಮಾನಕ್ಕೆ ಅವನ ಹೆಸರೇ ನಿಂತಿದೆ. ನಮ್ಮ ಟೆಲಿಪ್ರಿಂಟರಿನ ವೇಗ 50 ಬಾಡ್. ಈ ಅಂಗೈಯಗಲದ ಹಲಗೆ ಅದರ 192 ಪಟ್ಟು ವೇಗದಲ್ಲಿ ಮಾತಾಡುತ್ತದೆ. ಸೆಕೆಂಡಿಗೆ 960 ಅಕ್ಷರ. ನನ್ನ ಹೆಂಡತಿಗೆ ರಾತ್ರಿಯೆಲ್ಲ ಸೇರಿ ಬೇಕಾದದ್ದು ಎರಡೋ ಮೂರೋ ಅಕ್ಷರ.

ಕೋಣೆಯಿಂದ ನಡುಮನೆಗೆ ಇಪ್ಪತ್ತೈದು ಅಡಿ. ಯುಎಸ್‌ಬಿ ಕೇಬಲ್ಲು ಅಷ್ಟು ದೂರಕ್ಕೆ ಸಲ್ಲದು. ಅದರ ಮಿತಿ 5 ಮೀಟರು. ಆದ್ದರಿಂದ ಹಲಗೆ ಮಂಚದ ಬಳಿಯಲ್ಲೇ ಇರಲಿ, ಅದಕ್ಕೆ ಫೋನ್ ಚಾರ್ಜರಿನಿಂದ ವಿದ್ಯುತ್ತು ಕೊಡೋಣ, ಅಲ್ಲಿಂದ ಟೆಲಿಫೋನ್ ತಂತಿ ಎಳೆದು ಕಂಪ್ಯೂಟರಿನ ಬಳಿ ಒಂದು ಪುಟ್ಟ ಪರಿವರ್ತಕದ ಮೂಲಕ ಸೇರಿಸೋಣ ಎಂದಾಯಿತು. ಯಂತ್ರದ ಹಿಂದೆಯೇ ಒಂಬತ್ತು ಸೂಜಿಗಳ ಹಳೆಯ ಸೀರಿಯಲ್ ಬಾಯಿ ಇತ್ತು. "ಪರಿವರ್ತಕ ಏಕೆ? ಇಲ್ಲಿಯೇ ನೇರ ಚುಚ್ಚಿದರಾಯಿತು" ಎಂದು ಕೈ ಚಾಚಿದೆ. "ಬೇಡ ತಾತ!" ಎಂದು ಕಿರುಚಿದಳು. ಆ ಬಾಯಿ 1960ರಲ್ಲಿ ಹೊರಟ ಆರ್‌ಎಸ್-232 ಎಂಬ ಕಟ್ಟಳೆಯದು. ಅದರಲ್ಲಿ ಒಂದು ಎಂದರೆ ಸೊನ್ನೆಗಿಂತ ಕೆಳಗಿನ ವೋಲ್ಟು, ಸೊನ್ನೆ ಎಂದರೆ ಮೇಲಿನ ವೋಲ್ಟು. ಅದೂ ಎರಡೂ ಕಡೆ ಹತ್ತು ಹನ್ನೆರಡರವರೆಗೆ ಹೋಗಬಹುದು. ನಮ್ಮ 5 ವೋಲ್ಟಿನ ಕೂಸು ಸುಟ್ಟೇ ಹೋಗುತ್ತಿತ್ತು. ಭಾಷೆ ಒಂದೇ ಆದರೂ ದನಿ ತಡೆಯಬೇಕಲ್ಲ.

ತಂತಿ ಎಳೆಯುವುದು ನನ್ನ ಕೆಲಸವಾಯಿತು. ಹಲಗೆಯ 'ಟಿಎಕ್ಸ್' ಎಂಬ ಕಾಲನ್ನು ಪರಿವರ್ತಕದ 'ಟಿಎಕ್ಸ್'ಗೂ, 'ಆರ್‌ಎಕ್ಸ್' ಅನ್ನು 'ಆರ್‌ಎಕ್ಸ್'ಗೂ ಶಿಸ್ತಾಗಿ ಸೇರಿಸಿದೆ. ಹೆಸರು ನೋಡಿ ಹೆಸರಿಗೆ ಸೇರಿಸುವುದಲ್ಲವೇ ನ್ಯಾಯ? ಗುಂಡಿ ಒತ್ತಿದೆವು. ಏನೂ ಇಲ್ಲ. ಹುಡುಗಿ ನೋಡಿ ನಕ್ಕಳು. ಟಿಎಕ್ಸ್ ಎಂದರೆ ಬಾಯಿ, ಆರ್‌ಎಕ್ಸ್ ಎಂದರೆ ಕಿವಿ. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೆ. ನಲವತ್ತು ವರ್ಷದ ಅನುಭವಸ್ಥನಾದ ನಾನು ಈ ತಪ್ಪು ಮಾಡಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ತಂತಿಗಳನ್ನು ಅಡ್ಡಡ್ಡ ಬದಲಿಸಿದೆ.

ಈಗ ಏನೋ ಬಂತು. ಆದರೆ ಅದು ಅಕ್ಷರವಲ್ಲ. ಒಮ್ಮೆ ಬಂದದ್ದು ಇನ್ನೊಮ್ಮೆ ಬರುವುದಿಲ್ಲ. ಗುಂಡಿ ಒತ್ತದಿದ್ದರೂ ಬರುತ್ತದೆ. ಈ ಸಲ ದೋಷ ಹಿಡಿದವನು ನಾನು. ಹಳೆಯ ಕಾಲದಲ್ಲಿ ಊರಿಂದೂರಿಗೆ ಒಂದೇ ತಂತಿ ಎಳೆದು, ಹಿಂತಿರುಗುವ ದಾರಿಗೆ ಭೂಮಿಯನ್ನೇ ಬಳಸುತ್ತಿದ್ದರು. ಎರಡೂ ಕಡೆ ನೆಲಕ್ಕೆ ತಾಗದಿದ್ದರೆ ತಂತಿ ಇದ್ದೂ ವ್ಯರ್ಥ. "ನೆಲ ಎಲ್ಲಿ ಮಗೂ?" ಎಂದೆ. ಹಲಗೆಗೆ ಚಾರ್ಜರಿನ ವಿದ್ಯುತ್ತು, ಪರಿವರ್ತಕಕ್ಕೆ ಕಂಪ್ಯೂಟರಿನ ವಿದ್ಯುತ್ತು. 5 ವೋಲ್ಟ್ ಎಂದರೆ ಎಲ್ಲಿಂದ 5? ಮೆಟ್ಟಿಲು ಐದು ಎಂದು ಇಬ್ಬರು ಹೇಳಿದರೆ ಸಾಲದು, ಇಬ್ಬರೂ ಒಂದೇ ನೆಲದಿಂದ ಎಣಿಸಬೇಕು. ಮೂರನೆಯ ತಂತಿಯಿಂದ ಎರಡರ ನೆಲವನ್ನೂ ಸೇರಿಸಿದೆವು. ಹುಡುಗಿ ನನ್ನ ಕಡೆ ಗೌರವದಿಂದ ನೋಡಿದಳು. ಆ ನೋಟ ಎರಡೇ ನಿಮಿಷ ಇತ್ತು.

ಏಕೆಂದರೆ ಈಗ ಗುಂಡಿ ಒತ್ತಿದಾಗ ಮಾತ್ರ, ಪ್ರತಿ ಸಲವೂ, ಬಂದದ್ದು ಅರ್ಥವಿಲ್ಲದ ಗೀಚು: ಪ್ರಶ್ನಾರ್ಥಕ ಚಿಹ್ನೆ, ಕಪ್ಪು ಚೌಕ, ಯಾವ ದೇಶದ್ದೋ ಅಕ್ಷರ. ಹಿಂದಿನ ಸಂಜೆ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಕಂಪ್ಯೂಟರಿನ ಕಡೆ ವೇಗವನ್ನು 115200ಕ್ಕೆ ಏರಿಸಿದ್ದೆ. ಹಲಗೆ ಒಂದು ಅಂಶವನ್ನು 104 ಮೈಕ್ರೊಸೆಕೆಂಡು ಹಿಡಿದು ನಿಧಾನವಾಗಿ ಹೇಳುತ್ತಿತ್ತು; ಕಂಪ್ಯೂಟರು ಅದೇ ಹೊತ್ತಿನಲ್ಲಿ ಹನ್ನೆರಡು ಸಲ ಕಿವಿಗೊಟ್ಟು, ಹನ್ನೆರಡು ಅಂಶ ಕೇಳಿದೆನೆಂದು ಭ್ರಮಿಸುತ್ತಿತ್ತು. ನಾನು ಸ್ವಲ್ಪ ಹೊತ್ತು ಆ ಗೀಚನ್ನೇ ನೋಡುತ್ತ ನಿಂತೆ. ಆಸ್ಪತ್ರೆಯಿಂದ ಬಂದ ಮೊದಲ ದಿನಗಳಲ್ಲಿ ನನ್ನಾಕೆ ಏನನ್ನೋ ಹೇಳಲು ತೊಡಗಿದರೆ, ನಾನು ಅವಳು ಮುಗಿಸುವ ಮುಂಚೆಯೇ "ನೀರಾ? ಕಾಫಿಯಾ? ಫ್ಯಾನಾ? ನೋವಾ?" ಎಂದು ಮೇಲೆ ಬೀಳುತ್ತಿದ್ದೆ. ಆಕೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಅವಳ ಮಾತು ಕೆಟ್ಟದ್ದು ನಿಜ. ಆದರೆ ಕೇಳುವ ವೇಗವೂ ಕೆಟ್ಟಿತ್ತೆಂದು ನನಗೆ ಹೊಳೆದದ್ದು ಈ ಕಪ್ಪು ಚೌಕಗಳ ಮುಂದೆ. 9600 ಎಂದು ತಿದ್ದಿದೆ. ಗುಂಡಿ ಒತ್ತಿದಳು ಹುಡುಗಿ. ಪರದೆಯ ಮೇಲೆ ಬಂತು: 'ಎನ್'. ಒಂದಲ್ಲ, ನಾಲ್ಕು.

"ಗುಂಡಿ ಕುಣಿಯುತ್ತದೆ ತಾತ" ಎಂದಳು. ಲೋಹಕ್ಕೆ ಲೋಹ ತಾಗುವಾಗ ಕೆಲವು ಮಿಲಿಸೆಕೆಂಡು ಚಿಮ್ಮಿ ಚಿಮ್ಮಿ ತಾಗುತ್ತದೆಯಂತೆ; ಚಿಪ್ಪಿನ ಚುರುಕು ಕಣ್ಣಿಗೆ ಅದು ನಾಲ್ಕು ಒತ್ತಾಗಿ ಕಾಣುತ್ತದೆ. ಒಮ್ಮೆ ತಾಗಿದ ಮೇಲೆ 50 ಮಿಲಿಸೆಕೆಂಡು ತಾಳು ಎಂದು ಕಾರ್ಯಕ್ರಮದಲ್ಲಿ ಬರೆದಳು. ಅದನ್ನು ತುಂಬಲು ಹೋದರೆ ಹಲಗೆ ಒಪ್ಪಲೊಲ್ಲದು. ಅದರ ಕಿವಿ ಒಂದೇ. ಆ ಕಿವಿಗೆ ನಮ್ಮ ಟೆಲಿಫೋನ್ ತಂತಿಯೂ ಯುಎಸ್‌ಬಿಯೂ ಒಟ್ಟಿಗೆ ಮಾತಾಡುತ್ತಿದ್ದವು. ತಂತಿ ಕಿತ್ತು, ಕಾರ್ಯಕ್ರಮ ತುಂಬಿ, ಮತ್ತೆ ತಂತಿ ಸಿಕ್ಕಿಸಿದೆವು. ಈಗ ಒಂದು ಒತ್ತಿಗೆ ಒಂದೇ 'ಎನ್'. ಪರದೆಯ ಮೇಲೆ ದೊಡ್ಡದಾಗಿ 'ನೀರು' ಎಂದು ಮೂಡಿತು, ಗಂಟೆ ಬಾರಿಸಿತು.

"ಮುಗಿಯಿತು" ಎಂದಳು ಹುಡುಗಿ. "ಮುಗಿಯಲಿಲ್ಲ" ಎಂದೆ ನಾನು. "ಆರ್ ಎಲ್ಲಿ?"

ಅವಳಿಗೆ ಅದು ಸುಲಭ. ಹಿಂತಿರುಗುವ ತಂತಿ ಇದ್ದೇ ಇತ್ತು. ಅಕ್ಷರ ಬಂದೊಡನೆ ಕಂಪ್ಯೂಟರು ತಾನಾಗಿ ಒಂದು 'ಆರ್' ಕಳಿಸುವಂತೆ, ಅದು ತಲುಪಿದೊಡನೆ ಮಂಚದ ಬಳಿ ಒಂದು ಹಸಿರು ದೀಪ ಹತ್ತುವಂತೆ ಹತ್ತು ನಿಮಿಷದಲ್ಲಿ ಮಾಡಿದಳು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ದೀಪ. ಚೆನ್ನಾಗಿಯೇ ಇತ್ತು. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ನಾನು ಗೊರಕೆ ಹೊಡೆಯುತ್ತ ಬಿದ್ದಿರುತ್ತೇನೆ. ಕಂಪ್ಯೂಟರು ನನ್ನ ಪರವಾಗಿ 'ಕೇಳಿಸಿತು' ಎನ್ನುತ್ತದೆ. ದೀಪ ನೋಡಿ ಅವಳು ಕಾಯುತ್ತಾಳೆ. ನಾನು ಏಳುವುದಿಲ್ಲ. ಅಂದಿನ ಬೆಳಗ್ಗೆ ಸಂದೇಹವಾದರೂ ಇತ್ತು. ಈಗ ಕೇಳಿಸಿಯೂ ಬರಲಿಲ್ಲವೆಂದು ದೀಪವೇ ಸಾಕ್ಷಿ ಹೇಳುತ್ತದೆ. "ದೀಪ ನಾನು ಎದ್ದ ಮೇಲೆ ಹತ್ತಲಿ. ನಾನೇ ಕೈಯಿಂದ ಒತ್ತುತ್ತೇನೆ" ಎಂದೆ.

"ಆದರೆ ತಾತ, ನೀವು ಏಳುವವರೆಗೆ ತಂತಿ ಸರಿಯಿದೆಯೋ ಇಲ್ಲವೋ ಅಜ್ಜಿಗೆ ಹೇಗೆ ಗೊತ್ತಾಗಬೇಕು?"

ಅದೂ ನಿಜವೇ. ಕೊನೆಗೆ ಅವಳೇ ತೀರ್ಪು ಕೊಟ್ಟಳು: ಎರಡು ದೀಪ ಇರಲಿ. ಯಂತ್ರಕ್ಕೆ ಮುಟ್ಟಿದರೆ ಕೆಂಪು. ಮನುಷ್ಯನಿಗೆ ಮುಟ್ಟಿದರೆ ಹಸಿರು. ಕೆಂಪು ಹತ್ತಿ ಹಸಿರು ಹತ್ತದಿದ್ದರೆ ಗಂಟೆ ಇನ್ನೂ ಜೋರಾಗಿ ಬಾರಿಸುತ್ತಲೇ ಇರುತ್ತದೆ. ಎರಡೂ ಹತ್ತದಿದ್ದರೆ ತಂತಿ ಕೆಟ್ಟಿದೆ. ಅಂಗಡಿಯ ಹಳೆಯ ಗಂಟೆ ಮಂಚದ ಪಕ್ಕದಲ್ಲೇ ಇರಲಿ, ಅದನ್ನು ಒತ್ತಬೇಕು. ಕರೆಂಟು ಹೋದರೆ ಎರಡು ಕಡೆಗೂ ಯುಪಿಎಸ್ ಉಂಟು.

ಮನೆಯಾಕೆಗೆ ಇದನ್ನೆಲ್ಲ ವಿವರಿಸುವುದು ನನ್ನ ಪಾಲಿಗೆ ಬಂತು. ಈ ಸಲ ನಿಧಾನವಾಗಿ ಹೇಳಿದೆ. ಕೆಂಪು ಎಂದರೆ ಏನು, ಹಸಿರು ಎಂದರೆ ಏನು. ಹಸಿರು ಹತ್ತಿದರೆ ನಾನು ಹೊರಟಿದ್ದೇನೆಂದೇ ಅರ್ಥ. ಆಮೇಲೆ ಹೇಳಬೇಕೆಂದಿದ್ದನ್ನೂ ಹೇಳಿದೆ. "ಆವತ್ತು ರಾತ್ರಿ ನನಗೆ ಕೇಳಿಸಿಯೇ ಇರಲಿಲ್ಲ ಕಣೇ. ಕೇಳಿಸಿದ್ದರೆ ಬರುತ್ತಿದ್ದೆ." ಆಕೆ ಎಡಗೈಯಿಂದ ಗುಂಡಿಗಳನ್ನು ಒಂದೊಂದಾಗಿ ಸವರಿ ನೋಡಿದಳು. ನನ್ನ ಮಾತಿಗೆ ಏನೂ ಸನ್ನೆ ಮಾಡಲಿಲ್ಲ.

ಮೊದಲ ರಾತ್ರಿ ನನಗೆ ನಿದ್ರೆ ಬರಲಾರದೆಂದುಕೊಂಡಿದ್ದೆ. ಬಂತು. ಎರಡೂವರೆಗೆ ಗಂಟೆ ಬಾರಿಸಿತು. ಕತ್ತಲೆಯಲ್ಲಿ ಪರದೆ ಬೆಳಗುತ್ತಿತ್ತು: 'ಬನ್ನಿ'. ಕನ್ನಡಕವಿಲ್ಲದೆಯೂ ಓದಿದೆ. ಕೀಲಿಯೊತ್ತಿದೆ. ಆರ್. ಬಾಗಿಲ ಸಂದಿನಿಂದ ಹಸಿರು ಬೆಳಕು ಕಂಡಿತು. ಪಂಚೆ ಸರಿಮಾಡಿಕೊಳ್ಳುತ್ತ ಓಡಿದೆ.

ಆಕೆ ಎಚ್ಚರವಾಗಿದ್ದಳು. ಎರಡೂ ದೀಪಗಳನ್ನು ನೋಡುತ್ತಿದ್ದಳು. ನೀರು ಬೇಕೇ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ನೀರಿಗೆ ಬೇರೆ ಗುಂಡಿ ಇದೆಯಲ್ಲ! ಮಂಚದ ಅಂಚಿನಲ್ಲಿ ಕುಳಿತು ಕಾದೆ. ಬಹಳ ಹೊತ್ತಾಯಿತು. ಆಮೇಲೆ ಅವಳ ಎಡಗೈ ನಿಧಾನವಾಗಿ ಮೇಲೆದ್ದಿತು. ಬೆರಳು ನಡುಮನೆಯ ಕಡೆ ತೋರಿಸಿತು, ನನ್ನ ಮೂಗಿನ ಕಡೆ ತೋರಿಸಿತು. ಮತ್ತೆ ಅವಳು ತನ್ನ ಮೂಗಿನಿಂದ ಒಂದು ಸದ್ದು ಮಾಡಿದಳು. ಅದು ಯಾವ ಸದ್ದೆಂಬುದರಲ್ಲಿ ಯಾರಿಗೂ ಸಂದೇಹ ಬರುವಂತಿರಲಿಲ್ಲ. ಗೋಡೆಯಾಚೆಯಿಂದಲೂ ಕೇಳಿಸುತ್ತಿತ್ತೆಂದು ಅರ್ಥ. ಬಾಯಿಯ ಎಡಭಾಗ ಮಾತ್ರ ನಕ್ಕಿತು, ನಗೆ ಪೂರ್ತಿಯಾಗಿತ್ತು. ಎಷ್ಟೋ ತಿಂಗಳ ಮೇಲೆ.

"ಹೌದು ಕಣೇ, ಹೊಡೆಯುತ್ತೇನೆ" ಎಂದೆ. ನಲವತ್ತೇಳು ವರ್ಷಗಳಲ್ಲಿ ಆ ಮಾತನ್ನು ಅವಳೆದುರು ಹೇಳಿದ್ದು ಅದೇ ಮೊದಲು.

ಮಾರನೆಯ ದಿನ ಮಹಡಿಯ ಹುಡುಗಿ ಬಂದು, "ಎಲ್ಲ ಸರಿಯಾಗಿ ಕೆಲಸ ಮಾಡಿತೇ ತಾತ? ಏನಾದರೂ ಬದಲಾಯಿಸಬೇಕೇ?" ಎಂದು ಕೇಳಿದಳು.

"ನಾಲ್ಕನೆಯ ಗುಂಡಿ ಒಂದು ಬೇಕಮ್ಮ. 'ಜಿ' ಅಕ್ಷರಕ್ಕೆ."

"ಜಿ ಎಂದರೆ?"

"ನಿಮ್ಮ ಅಜ್ಜಿಯನ್ನೇ ಕೇಳು" ಎಂದೆ.